ತುಂಡು ಟೆಸ್ಟಿಗೆ ಹೋಗುವವರಿಗೆ: ಒಂದೇ ಥರ ಕಾಣುವ ಕಾಯಿಲೆಗಳನ್ನು ಬಯಾಪ್ಸಿ ಬೇರ್ಪಡಿಸುವುದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ "ತುಂಡು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ" ಎಂದರೆ ಸಾಕು, ಮನೆಮಂದಿಯೆಲ್ಲ ಕ್ಯಾನ್ಸರ್ ಎಂದೇ ತಿಳಿದು ಕಂಗಾಲಾಗುತ್ತಾರೆ. ಸಿದ್ದಾಪುರ ಕಡೆಯ ಹಿರಿಯರೊಬ್ಬರು ಬಾಟಲಿ ನನ್ನ ಕೈಗಿಟ್ಟು, "ತಮಾ, ಕ್ಯಾನ್ಸರ್ ಇಲ್ಲ ಅಂತ ಒಂದು ಮಾತು ಬರೆದುಕೊಡು, ಉಳಿದದ್ದು ಏನಾದರೂ ಇರಲಿ" ಎಂದಿದ್ದರು. ಅವರ ಕಾಗದದಲ್ಲಿ ಡಾಕ್ಟರು ಕೇಳಿದ್ದು ಕ್ಯಾನ್ಸರ್ ಬಗ್ಗೆ ಅಲ್ಲವೇ ಅಲ್ಲ. ಕರುಳಿನ ಹುಣ್ಣು ಟಿ.ಬಿ.ಯದ್ದೋ, ಕರುಳಿಗೆ ಬಹುಕಾಲದ ಉರಿಯೂತ ತರುವ, ಸೋಂಕಲ್ಲದ ಕ್ರೋನ್ಸ್ ಕಾಯಿಲೆಯದ್ದೋ ಎಂದು ಕೇಳಿದ್ದರು.

ಪೆಥಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ಇಂಥ ಪ್ರಶ್ನೆಗಳು ಮಾಮೂಲು. ಕುಷ್ಠವೋ ಸಾರ್ಕಾಯ್ಡೋಸಿಸ್ಸೋ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟು ಕಟ್ಟುವ ಕಾಯಿಲೆ)? ಸೋರಿಯಾಸಿಸ್ಸೋ ಇಸುಬೋ? ಅಲ್ಸರೇಟಿವ್ ಕೊಲೈಟಿಸ್ಸೋ (ದೊಡ್ಡ ಕರುಳಿನ ಒಳಪೊರೆಯಲ್ಲಿ ಹುಣ್ಣು ಮಾಡುವ ಕಾಯಿಲೆ) ಅಮೀಬಾದ ಆಮಶಂಕೆಯೋ? ಇವೆಲ್ಲ ಉರಿಯೂತದ ಕಾಯಿಲೆಗಳು. ಹೊರಗಿನಿಂದ ನೋಡಿದರೆ ಒಂದನ್ನೊಂದು ಹೋಲುತ್ತವೆ, ಮದ್ದು ಮಾತ್ರ ಪೂರ್ತಿ ಉಲ್ಟಾ. ಕ್ರೋನ್ಸ್‌ಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಕೊಡುತ್ತಾರೆ, ಅದೇ ಸ್ಟೀರಾಯ್ಡ್ ಟಿ.ಬಿ. ಇದ್ದವರಿಗೆ ಹೋದರೆ ರೋಗ ಮೈತುಂಬ ಹಬ್ಬಬಹುದು. ಅಮೀಬಾ ಕೂತ ಕರುಳಿಗೆ ಸ್ಟೀರಾಯ್ಡ್ ಬಿದ್ದರೆ ಕರುಳು ತೂತಾಗುವ ಅಪಾಯವಿದೆ. ಕ್ರೋನ್ಸ್ ಇದ್ದವರಿಗೆ ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ನುಂಗಿಸಿದರೆ ಅಷ್ಟರೊಳಗೆ ಕರುಳು ಕಿರಿದಾಗಿ ಆಪರೇಶನ್ನಿಗೆ ಬರಬಹುದು. ಅಡಿಕೆ ಮರದ ಹೆಡೆ ಹಳದಿಯಾದಾಗ ಬುಡ ಬಿಡಿಸಿ ಬೇರುಹುಳ ಇದೆಯೋ ಇಲ್ಲವೋ ನೋಡದೆ ಮದ್ದು ಹಾಕುವವರನ್ನು ನಾವು ಜಾಣರೆನ್ನುವುದಿಲ್ಲ. ಬಯಾಪ್ಸಿಯೂ ಆ ಬುಡ ಬಿಡಿಸುವ ಕೆಲಸವೇ.

ಆದರೆ ತುಂಡು ಲ್ಯಾಬಿಗೆ ಬಂದ ಮಾತ್ರಕ್ಕೆ ಉತ್ತರ ಸಿಗುತ್ತದೆ ಎಂದಿಲ್ಲ. ಸರಿಯಾದ ಜಾಗದ ತುಂಡು, ಸರಿಯಾದ ದ್ರವದಲ್ಲಿ, ಪೂರ್ತಿ ವಿವರದ ಜೊತೆ ಬರಬೇಕು. ಮೂರರಲ್ಲಿ ಒಂದು ತಪ್ಪಿದರೂ ದುಬಾರಿ ಮೈಕ್ರೋಸ್ಕೋಪು ಬರಿದೇ ನೋಡುತ್ತ ಕೂರಬೇಕಾಗುತ್ತದೆ. ಈ ಮೂರರಲ್ಲೂ ರೋಗಿಯ ಕಡೆಯವರು ಮಾಡಬಹುದಾದ ಕೆಲಸವಿದೆ. ಈ ಬರಹ ಅದರ ಬಗ್ಗೆ.

ಮೊದಲು: ತುಂಡು ತೆಗೆಯಲೇಬೇಕೇ ಎಂದು ಕೇಳಿ

ಕೇಳಿದರೆ ಡಾಕ್ಟರು ಬೇಸರಪಡುತ್ತಾರೆ ಎಂಬ ಅಂಜಿಕೆ ಬೇಡ. ಕೆಲವು ಕಡೆ ಬಯಾಪ್ಸಿಗಿಂತ ಮೊದಲು ಮಾಡಬೇಕಾದ ಸರಳ ಪರೀಕ್ಷೆಗಳಿವೆ. ಕರಾವಳಿಯ ಸೆಕೆ, ಬೆವರು, ಮಳೆಗಾಲದಲ್ಲಿ ಒಣಗದ ಬಟ್ಟೆ ಇವುಗಳಿಂದ ಹುಳುಕಡ್ಡಿ ನಮ್ಮಲ್ಲಿ ಸಾಮಾನ್ಯ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಮುಲಾಮಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ತುರಿಕೆ ಇಳಿಯುತ್ತದೆ, ಉಂಗುರದ ಅಂಚು ಮಾಸುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಆಮೇಲೆ ಅದು ಇಸುಬಿನಂತೆಯೋ ಸೋರಿಯಾಸಿಸ್‌ನಂತೆಯೋ ಕಾಣತೊಡಗುತ್ತದೆ. ಅಲ್ಲಿ ಅಂಚಿನ ಹೊಟ್ಟನ್ನು ಕೆರೆದು ಕೆಓಎಚ್ ದ್ರವ ಹಾಕಿ ನೋಡಿದರೆ ಹೆಚ್ಚಿನ ಸಲ ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ರಕ್ತಭೇದಿಯಾದರೆ ಮೊದಲು ತಾಜಾ ಮಲ ಪರೀಕ್ಷೆ. ಸ್ಪರ್ಶವಿಲ್ಲದ ಮಚ್ಚೆಯಾದರೆ ಮುಟ್ಟಿ, ಚುಚ್ಚಿ ನೋಡುವುದು, ನರ ದಪ್ಪವಾಗಿದೆಯೇ ಎಂದು ತಡವಿ ನೋಡುವುದು, ಚರ್ಮ ಗೀರಿ ತೆಗೆಯುವ ಸ್ಮಿಯರ್. ಇವು ಸಂಶಯ ಬಗೆಹರಿಸದಿದ್ದಾಗ ಬಯಾಪ್ಸಿ.

ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿ ತೆಗೆಯುವುದು ಎಫ್‌ಎನ್‌ಎಸಿ, ಅದನ್ನು ಬಯಾಪ್ಸಿ ಎನ್ನುವುದಿಲ್ಲ. ಸೂಜಿಯಲ್ಲಿ ಬರುವುದು ಬಿಡಿ ಬಿಡಿ ಜೀವಕೋಶ. ಟಿ.ಬಿ. ಹಿಡಿಯಲು ಅನೇಕ ಸಲ ಅಷ್ಟು ಸಾಕು. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಎಂಬ ಅನುಮಾನ ಬಂದರೆ ಗಂಟನ್ನೇ ಇಡಿಯಾಗಿ ತೆಗೆಯುವುದು ಒಳ್ಳೆಯದು, ಏಕೆಂದರೆ ಒಳಗಿನ ರಚನೆ ಕಾಣಬೇಕು.

ಎರಡನೆಯದು: ನೀವು ಹೋಗಬೇಕೋ, ತುಂಡು ಹೋದರೆ ಸಾಕೋ

ನಮ್ಮ ಜಿಲ್ಲೆಯ ರೋಗಿಗಳು ಮೂರು ದಿಕ್ಕಿಗೆ ಚೆದುರುತ್ತಾರೆ. ಶಿರಸಿ, ಯಲ್ಲಾಪುರ, ಮುಂಡಗೋಡದವರು ಹುಬ್ಬಳ್ಳಿ ಧಾರವಾಡಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ. ಚರ್ಮದ ಬಯಾಪ್ಸಿಯನ್ನು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತಾಲೂಕು ಮಟ್ಟದಲ್ಲೇ ಮಾಡಬಹುದು. ತುಂಡು ಪ್ರಯಾಣ ಮಾಡುತ್ತದೆ, ರೋಗಿ ಮನೆಗೆ ಬರುತ್ತಾನೆ. ಕಾರವಾರದ ವೈದ್ಯಕೀಯ ಕಾಲೇಜಿಗೆ ಪೆಥಾಲಜಿ ವಿಭಾಗವಿದೆ. ಮಾಮೂಲಿ ಬಯಾಪ್ಸಿಗೆ ದೂರದೂರಿಗೆ ಓಡುವ ಮೊದಲು ಹತ್ತಿರದಲ್ಲಿ ಏನೇನು ಆಗುತ್ತದೆ ಎಂದು ವಿಚಾರಿಸಿ. ತುಂಡಿನಲ್ಲಿ ಕೂತ ಪ್ರತಿಕಾಯಗಳನ್ನು ಹೊಳೆಯಿಸಿ ತೋರಿಸುವ ಇಮ್ಯುನೋಫ್ಲೋರೆಸೆನ್ಸ್ ಪರೀಕ್ಷೆ ಮಾತ್ರ ಎಲ್ಲ ಲ್ಯಾಬಿನಲ್ಲೂ ಇಲ್ಲ. ಬೊಕ್ಕೆಯ ಕಾಯಿಲೆಗೂ ಕಿಡ್ನಿ ಬಯಾಪ್ಸಿಗೂ ಅದು ಬೇಕೇ ಬೇಕು. ಹಾಗಾಗಿ ಅಂಥ ತುಂಡನ್ನು ಎಲ್ಲಿ ತೆಗೆಯಬೇಕು ಎನ್ನುವುದು ಮೊದಲೇ ತೀರ್ಮಾನವಾಗಿರಬೇಕು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು (ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್) ತಪ್ಪದೆ ತಿಳಿಸಿ. ತಾವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಪಕ್ಕದ ಮನೆಯವರ ಮಾತು ಕೇಳಿ ಮಾತ್ರೆ ಬಿಡುವುದು ಬಯಾಪ್ಸಿಗಿಂತ ದೊಡ್ಡ ಅಪಾಯ.

ಮೂರನೆಯದು: ಕಾಗದದಲ್ಲಿ ಕಥೆ ಇರಲಿ

ತುಂಡಿನ ಜೊತೆ ಬರುವ ಫಾರ್ಮಿನಲ್ಲಿ ಹೆಸರು, ವಯಸ್ಸು, ಅದರ ಮುಂದೆ "ಟಿ.ಬಿ.? ಕ್ರೋನ್ಸ್?" ಎಂಬ ಎರಡೇ ಪದ ಇರುವುದು ತೀರಾ ಸಾಮಾನ್ಯ. ಇದರ ಬಗ್ಗೆ ನನಗೆ ತಕರಾರಿದೆ, ಅದನ್ನು ಮುಚ್ಚಿಡುವುದಿಲ್ಲ. ಉರಿಯೂತದ ಕಾಯಿಲೆಗಳಲ್ಲಿ ಪೆಥಾಲಜಿಸ್ಟ್ ಕಾಣುವ ಚಿತ್ರಕ್ಕೆ ಅನೇಕ ಸಲ ನಾಲ್ಕೈದು ಕಾರಣ ಇರಬಹುದು. ಯಾವುದು ಎಂದು ಆಯ್ದುಕೊಳ್ಳಲು ಸಹಾಯವಾಗುವುದು ರೋಗಿಯ ಕಥೆ.

ಓಪಿಡಿಯ ಗದ್ದಲದಲ್ಲಿ ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ನೀವೇ ಒಂದು ಹಾಳೆಯಲ್ಲಿ ಬರೆದು ಫಾರ್ಮಿಗೆ ಪಿನ್ ಮಾಡಿಸಿ. ಎಷ್ಟು ದಿನದ ಕಾಯಿಲೆ, ಸಂಜೆ ಜ್ವರ ಬರುತ್ತದೆಯೇ, ತೂಕ ಎಷ್ಟು ಇಳಿದಿದೆ, ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ, ಸಕ್ಕರೆ ಕಾಯಿಲೆ ಉಂಟೇ, ಇದೇ ಜಾಗದ ಹಳೆಯ ಬಯಾಪ್ಸಿ ರಿಪೋರ್ಟ್ ಇದೆಯೇ. ಕೊಲೊನೋಸ್ಕೋಪಿಯಾದರೆ (ಗುದದ್ವಾರದಿಂದ ಕ್ಯಾಮೆರಾ ಪೈಪು ಹಾಕಿ ಕರುಳು ನೋಡುವುದು) ಅದರ ಚಿತ್ರಗಳ ಪ್ರತಿ ಜೊತೆಗಿರಲಿ, ಚರ್ಮವಾದರೆ ಮೊಬೈಲಿನಲ್ಲಿ ತೆಗೆದ ಫೋಟೋ ಆದರೂ ಸರಿ.

ಹೇಳಲು ಮುಜುಗರವಾಗುವ ಸಂಗತಿಗಳೇ ಹೆಚ್ಚು ಉಪಯೋಗದ್ದು. ಯಾವ ಮುಲಾಮು, ಎಷ್ಟು ದಿನ ಹಚ್ಚಿದ್ದು? ಹಳ್ಳಿ ಮದ್ದು ತೆಗೆದುಕೊಂಡಿದ್ದೀರಾ? ಒಂದು ವಾರ ಟಿ.ಬಿ. ಮಾತ್ರೆ ನುಂಗಿ ಬಿಟ್ಟಿದ್ದೀರಾ? ಸ್ಟೀರಾಯ್ಡ್ ಬಿದ್ದ ಚರ್ಮದಲ್ಲಿ ಉರಿಯೂತದ ಗುರುತುಗಳು ಅಳಿಸಿರುತ್ತವೆ. ಅದಕ್ಕೇ ಬಯಾಪ್ಸಿಗೆ ಎರಡು ಮೂರು ವಾರ ಮೊದಲು ಮುಲಾಮು ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಬೇಕು. ಬಾಯಿಯ ಹುಣ್ಣಾದರೆ ಕವಳದ (ಎಲೆ ಅಡಿಕೆಯ) ವಿಷಯ ಬಿಡಬೇಡಿ. ಎಷ್ಟು ವರ್ಷದ ಚಟ, ತಂಬಾಕು ಸೇರಿಸುತ್ತೀರಾ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ ಎನ್ನುವುದೂ ಬೇಕು. ಕವಳ ತಾಗುವ ಜಾಗದಲ್ಲೇ ಬರುವ ಬಿಳಿ ಗೆರೆಗಳು ಲೈಕೆನ್ ಪ್ಲೇನಸ್ ಎಂಬ ಕಾಯಿಲೆಯಂತೆಯೇ ಕಾಣುತ್ತವೆ, ಮೈಕ್ರೋಸ್ಕೋಪಿನ ಕೆಳಗೂ ಹೆಚ್ಚು ಕಡಿಮೆ ಹಾಗೆಯೇ. ಅವೆರಡನ್ನು ಬೇರ್ಪಡಿಸುವುದು ಕೆನ್ನೆಯ ಎಡ ಬಲದ ಆ ಒಂದು ಸಾಲು.

ನಾಲ್ಕನೆಯದು: ಯಾವ ಜಾಗದಿಂದ, ಎಷ್ಟು ತುಂಡು

ಜಾಗ ಆರಿಸುವವರು ಡಾಕ್ಟರು. ಆದರೂ ಸ್ವಲ್ಪ ತಿಳಿದಿದ್ದರೆ "ಇಷ್ಟೊಂದು ಕಡೆ ಯಾಕೆ ತೆಗೆದರು" ಎಂಬ ಗಾಬರಿ ಇರುವುದಿಲ್ಲ. ಕರುಳಿನಲ್ಲಿ ಒಂದೇ ತುಂಡು ತೆಗೆದರೆ ಉಪಯೋಗ ಕಡಿಮೆ. ಹುಣ್ಣಿನ ಅಂಚಿನಿಂದಲೂ ಬುಡದಿಂದಲೂ ಹಲವು ತುಂಡು, ಜೊತೆಗೆ ಚೆನ್ನಾಗಿಯೇ ಕಾಣುವ ಭಾಗಗಳಿಂದಲೂ ತೆಗೆಯಬೇಕು. ಸಣ್ಣ ಕರುಳಿನ ಕೊನೆಯಿಂದ ಗುದನಾಳದವರೆಗೆ ಕಡಿಮೆಯೆಂದರೆ ಐದು ಜಾಗ, ಒಂದೊಂದರಿಂದ ಎರಡೆರಡು ಎನ್ನುವುದು ಕರುಳಿನ ಉರಿಯೂತಕ್ಕೆ ಒಪ್ಪಿತವಾದ ಲೆಕ್ಕ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಶುರುವಾಗಿ ಮಧ್ಯೆ ಬಿಡದೆ ಮೇಲೇರುತ್ತದೆ, ಕ್ರೋನ್ಸ್ ಅಲ್ಲಲ್ಲಿ ಬಿಟ್ಟು ಬಿಟ್ಟು ಹಿಡಿಯುತ್ತದೆ. ಚೆನ್ನಾಗಿರುವ ಜಾಗದ ತುಂಡು ಇಲ್ಲದೆ ಈ ಬಿಟ್ಟು ಬಿಟ್ಟು ಎನ್ನುವುದು ಗೊತ್ತಾಗುವುದಾದರೂ ಹೇಗೆ? ಪ್ರತಿ ಜಾಗದ ತುಂಡೂ ಬೇರೆ ಬೇರೆ ಬಾಟಲಿಯಲ್ಲಿ, ಬೇರೆ ಬೇರೆ ಹೆಸರು ಬರೆದು ಬರಬೇಕು. ಎಲ್ಲವನ್ನೂ ಒಂದೇ ಬಾಟಲಿಗೆ ಸುರಿದರೆ ಆ ಶ್ರಮವೆಲ್ಲ ನೀರಿಗೆ. ಅಂದಹಾಗೆ, ಕರುಳಿನ ಒಳಪೊರೆಯಿಂದ ಚಿವುಟಿ ತೆಗೆಯುವಾಗ ನೋವಾಗುವುದಿಲ್ಲ. ಹಿಂದಿನ ದಿನ ಕುಡಿಯಬೇಕಾದ ಲೀಟರುಗಟ್ಟಲೆ ಭೇದಿ ದ್ರವವೇ ನಿಜವಾದ ಕಷ್ಟ.

ಚರ್ಮದಲ್ಲಿ, ಕುಷ್ಠದ ಅನುಮಾನವಿದ್ದರೆ ಮಚ್ಚೆಯ ಚುರುಕಾದ ಅಂಚಿನಿಂದ, ಕೊಬ್ಬಿನ ಪದರ ಸೇರುವಷ್ಟು ಆಳವಾಗಿ ತೆಗೆಯಬೇಕು, ಏಕೆಂದರೆ ನೋಡಬೇಕಾದ ನರ ಅಲ್ಲಿದೆ. ಮೇಲ್ಮೇಲೆ ಹೆರೆದು ತೆಗೆದ ತುಂಡಿನಿಂದ ಪ್ರಯೋಜನವಿಲ್ಲ. ಬೊಕ್ಕೆ ಕಾಯಿಲೆಗೆ ಹೊಸ ಬೊಕ್ಕೆಯ ಅಂಚಿನಿಂದ ಒಂದು, ಅದರ ಪಕ್ಕದ ಚೆನ್ನಾಗಿರುವ ಚರ್ಮದಿಂದ ಇನ್ನೊಂದು. ಅಂಗೈ ಅಂಗಾಲಿನ ಸೋರಿಯಾಸಿಸ್ ಮತ್ತು ಇಸುಬನ್ನು ತುಂಡು ನೋಡಿ ಬೇರ್ಪಡಿಸುವುದು ಪೆಥಾಲಜಿಸ್ಟರಿಗೂ ತಲೆನೋವು. ಮೈಮೇಲೆ ಬೇರೆ ಕಡೆ ಅಂಥದ್ದೇ ಮಚ್ಚೆ ಇದ್ದರೆ ಅದನ್ನು ತೋರಿಸಿ.

ಐದನೆಯದು: ಬಾಟಲಿಯಲ್ಲಿ ಏನಿದೆ ಎಂದು ನೋಡಿ

ಇದನ್ನೊಂದು ಓದಿ ಉಳಿದದ್ದು ಮರೆತರೂ ಅಡ್ಡಿಯಿಲ್ಲ. ಮಾಮೂಲಿ ಬಯಾಪ್ಸಿಗೆ ತುಂಡು ಫಾರ್ಮಲಿನ್‌ಗೆ ಹೋಗುತ್ತದೆ, ಶೇ. 10ರ ಬಫರ್ ಮಾಡಿದ ಫಾರ್ಮಲಿನ್. ಕಣ್ಣು ಮೂಗು ಉರಿಸುವ ಬಣ್ಣವಿಲ್ಲದ ದ್ರವ. ತುಂಡು ಕೊಳೆಯದಂತೆ ಇದು ಕಾಪಾಡುತ್ತದೆ, ಜೊತೆಗೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸತ್ತ ಬ್ಯಾಕ್ಟೀರಿಯಾದಿಂದ ಟಿ.ಬಿ. ಕಲ್ಚರ್ ಬೆಳೆಯುವುದಿಲ್ಲ. ಜೀನ್ ಎಕ್ಸ್‌ಪರ್ಟ್ ಪರೀಕ್ಷೆಗೂ (ಟಿ.ಬಿ. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವುದು) ಫಾರ್ಮಲಿನ್ ಮುಟ್ಟದ ತುಂಡೇ ಬೇಕು. ಆದ್ದರಿಂದ ಟಿ.ಬಿ. ಅನುಮಾನವಿರುವ ಯಾವುದೇ ಬಯಾಪ್ಸಿಯಲ್ಲಿ ಒಂದೆರಡು ತುಂಡು ಬೇರೆಯಾಗಿ, ಸ್ವಚ್ಛ ಬಾಟಲಿಯಲ್ಲಿ, ಕೆಲವೇ ಹನಿ ಸ್ಟೆರೈಲ್ ಸಲೈನ್ ಜೊತೆ ಹೋಗಬೇಕು. ಕೊಲೊನೋಸ್ಕೋಪಿ ಕೋಣೆಗೆ ಹೋಗುವ ಮೊದಲು ಕೇಳಿ: "ಡಾಕ್ಟ್ರೇ, ಟಿ.ಬಿ. ಟೆಸ್ಟಿಗೆ ಬೇರೆ ತುಂಡು ಸಲೈನಿನಲ್ಲಿ ಇಡ್ತೀರಲ್ಲ?" ಎಲ್ಲ ಮುಗಿದು ಎಲ್ಲ ತುಂಡೂ ಫಾರ್ಮಲಿನ್‌ಗೆ ಬಿದ್ದ ಮೇಲೆ ನೆನಪಾದರೆ ಮತ್ತೆ ಭೇದಿ ದ್ರವ ಕುಡಿಯುವುದೊಂದೇ ದಾರಿ.

ಬೊಕ್ಕೆ ಕಾಯಿಲೆಯ ಇಮ್ಯುನೋಫ್ಲೋರೆಸೆನ್ಸಿಗೂ ಫಾರ್ಮಲಿನ್ ವಿಷ. ಅದಕ್ಕೆ ಮಿಶೆಲ್ಸ್ ಮೀಡಿಯಂ ಎಂಬ ಬೇರೆ ದ್ರವವಿದೆ, ಅದರಲ್ಲಿ ತುಂಡು ಕೆಲವು ದಿನ ತಡೆಯುತ್ತದೆ. ಅದು ಸಿಗದಿದ್ದರೆ ಸಲೈನ್ ಆಗುತ್ತದೆ, ಆದರೆ 24 ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಹಿಂದೆ ಫಾರ್ಮಲಿನ್ ತುಂಬಿದ್ದ ಬಾಟಲಿಯನ್ನು ತೊಳೆದು ಬಳಸುವುದೂ ಬೇಡ.

ಇಲ್ಲಿ ನಮ್ಮ ರಸ್ತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಾರ್ಮಲಿನ್‌ನಲ್ಲಿರುವ ತುಂಡಿಗೆ ಒಂದೆರಡು ದಿನ ತಡವಾದರೆ ಏನೂ ಆಗದು. ಸಲೈನಿನದ್ದು ಹಾಗಲ್ಲ, ತಂಪಿನಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಯಾವಾಗ ಬಂದ್ ಆಗುತ್ತದೆ ಹೇಳಲಾಗದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ದಿನಗಟ್ಟಲೆ ನಿಂತುಹೋಗಿತ್ತು. ತುರ್ತಲ್ಲದ ಇಂಥ ಬಯಾಪ್ಸಿಯನ್ನು ಶನಿವಾರ ಮಧ್ಯಾಹ್ನ ಮಾಡಿಸಬೇಡಿ, ವಾರದ ಮೊದಲ ದಿನಗಳಲ್ಲಿ ಬೆಳಿಗ್ಗೆ ಮಾಡಿಸಿ. ಹುಬ್ಬಳ್ಳಿ ಶಿರಸಿಯಿಂದ ಸುಮಾರು 100 ಕಿ.ಮೀ., ಬೆಳಿಗ್ಗೆ ತೆಗೆದ ತುಂಡು ಸಂಜೆಯೊಳಗೆ ಅಲ್ಲಿರುತ್ತದೆ. ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕ್ ಇಟ್ಟು ಒಯ್ಯಿರಿ. ಮೀನಿನ ಡಬ್ಬಿಯಂತೆ ಐಸಿನಲ್ಲಿ ಮುಳುಗಿಸಬೇಡಿ, ಫ್ರೀಜರಿನಲ್ಲಿ ಇಡಲೇಬೇಡಿ. ಹೆಪ್ಪುಗಟ್ಟಿದ ತುಂಡಿನ ಕೋಶಗಳೊಳಗೆ ಐಸಿನ ಹರಳು ಚುಚ್ಚಿ ರಚನೆ ಹಾಳಾಗುತ್ತದೆ.

ಇನ್ನೂ ಕೆಲವು ಸಣ್ಣ ಸಂಗತಿಗಳಿವೆ. ಫಾರ್ಮಲಿನ್ ತುಂಡಿನ ಹತ್ತು ಪಟ್ಟಾದರೂ ಇರಬೇಕು. ಬಾಟಲಿ ಅಗಲ ಬಾಯಿಯದ್ದಾಗಿರಲಿ: ಕಿರಿದಾದ ಬಾಯಿಯೊಳಗೆ ತುರುಕಿದ ಗಂಟು ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಬರುವುದಿಲ್ಲ, ಬಾಟಲಿ ಕೊಯ್ಯಬೇಕಾಗುತ್ತದೆ. ಹೆಸರಿನ ಚೀಟಿ ಮುಚ್ಚಳಕ್ಕೆ ಅಂಟಿಸದೆ ಬಾಟಲಿಯ ಮೈಗೆ ಅಂಟಿಸಬೇಕು. ಮುಚ್ಚಳಗಳು ಅದಲುಬದಲಾಗುತ್ತವೆ. ಬಸ್ಸಿನಲ್ಲಿ ಒಯ್ಯುವಾಗ ಎರಡು ಪ್ಲಾಸ್ಟಿಕ್ ಚೀಲದೊಳಗೆ ನೆಟ್ಟಗೆ ನಿಲ್ಲಿಸಿ, ಮಕ್ಕಳ ಕೈಗೆ ಸಿಗದಂತೆ.

ಆರನೆಯದು: ಲ್ಯಾಬಿನಲ್ಲಿ ಆಗುವುದೇನು

ತಡ ಏಕೆ ಎನ್ನುವವರಿಗೆ ಇಷ್ಟು. ಫಾರ್ಮಲಿನ್ ಒಳಗೆ ಇಳಿಯಲು ಗಂಟೆಗಳು ಬೇಕು. ಆಮೇಲೆ ಯಂತ್ರ ರಾತ್ರಿಯೆಲ್ಲ ತುಂಡಿನ ನೀರು ತೆಗೆದು ಮೇಣ ತುಂಬುತ್ತದೆ. ಆ ಮೇಣದ ಬ್ಲಾಕನ್ನು ಮೂರ್ನಾಲ್ಕು ಮೈಕ್ರಾನ್ ತೆಳುವಾಗಿ ಕೊಯ್ದು ಬಣ್ಣ ಹಾಕುತ್ತೇವೆ. ಮೊದಲ ರಿಪೋರ್ಟಿಗೆ ಸಾಮಾನ್ಯವಾಗಿ ಮೂರರಿಂದ ಏಳು ದಿನ. ಟಿ.ಬಿ. ಬ್ಯಾಕ್ಟೀರಿಯಾಕ್ಕೆ ಝಡ್‌ಎನ್, ಕುಷ್ಠಕ್ಕೆ ಫೈಟ್, ಶಿಲೀಂಧ್ರಕ್ಕೂ ಅಮೀಬಾಕ್ಕೂ ಪಿಎಎಸ್ ಎಂಬ ವಿಶೇಷ ಬಣ್ಣಗಳಿಗೆ ಇನ್ನೊಂದೆರಡು ದಿನ. ಜೀನ್ ಎಕ್ಸ್‌ಪರ್ಟ್ ಯಂತ್ರ ಎರಡು ಗಂಟೆಯಲ್ಲಿ ಟಿ.ಬಿ. ಇದೆಯೇ ಎಂಬುದನ್ನೂ ರಿಫಾಂಪಿಸಿನ್ ಮಾತ್ರೆಗೆ ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತದೆ. ಕಲ್ಚರ್ ಆರು ವಾರದವರೆಗೂ ಹಿಡಿಯುತ್ತದೆ. ಬಯಾಪ್ಸಿ ರಿಪೋರ್ಟ್ ಕೈಗೆ ಬಂದಾಗ ಎಲ್ಲ ಮುಗಿಯಿತು ಎಂದು ಕಲ್ಚರ್ ರಿಪೋರ್ಟನ್ನು ಕೇಳದೇ ಬಿಟ್ಟವರು ಬಹಳ ಮಂದಿ.

ಏಳನೆಯದು: ರಿಪೋರ್ಟನ್ನು ಓದುವುದು

ಟಿ.ಬಿ., ಕ್ರೋನ್ಸ್, ಕುಷ್ಠ, ಸಾರ್ಕಾಯ್ಡೋಸಿಸ್ ಈ ನಾಲ್ಕರಲ್ಲೂ ಕಾಣುವ ಪದ "ಗ್ರಾನ್ಯುಲೋಮಾ". ದೇಹದ ಕಾವಲು ಕೋಶಗಳು ಒಟ್ಟುಗೂಡಿ ಕಟ್ಟಿದ ಸಣ್ಣ ಗಂಟು ಅದು. ಗ್ರಾನ್ಯುಲೋಮಾ ಎಂದಾಕ್ಷಣ ಟಿ.ಬಿ. ಎಂದು ಗೂಗಲ್ ಹೇಳಬಹುದು, ನಂಬಬೇಡಿ. ಅದರ ಗಾತ್ರ, ಸಂಖ್ಯೆ, ಜಾಗ, ನಡುವೆ ಕೊಳೆತಿದೆಯೇ ಎಂಬುದರ ಮೇಲೆ ನಿರ್ಧಾರವಾಗುತ್ತದೆ.

ಕರುಳಿನ ಟಿ.ಬಿ.ಯಲ್ಲಿ ಗ್ರಾನ್ಯುಲೋಮಾಗಳು ದೊಡ್ಡವು, ಹೆಚ್ಚಾಗಿ 400 ಮೈಕ್ರಾನಿಗೂ ಮೀರಿದವು, ಒಂದಕ್ಕೊಂದು ಕೂಡಿಕೊಂಡವು, ಒಂದೇ ಜಾಗದಲ್ಲಿ ಹಲವು. ನಡುವೆ ಗಿಣ್ಣಿನ ಪುಡಿಯಂತೆ ಕೊಳೆತ ಭಾಗ ಇದ್ದರೆ ಟಿ.ಬಿ. ಕಡೆಗೆ ತಕ್ಕಡಿ ವಾಲುತ್ತದೆ. ಕ್ರೋನ್ಸ್‌ನಲ್ಲಿ ಅವು ಚಿಕ್ಕವು, ಎಣಿಕೆಗೆ ಒಂದೆರಡು, ನಡುವೆ ಕೊಳೆತಿರುವುದಿಲ್ಲ. ಎಷ್ಟೋ ಸಲ ಬಯಾಪ್ಸಿಯಲ್ಲಿ ಅವು ಸಿಗುವುದೇ ಇಲ್ಲ. ಕೊಲೊನೋಸ್ಕೋಪಿಯಲ್ಲೂ ಸುಳಿವಿದೆ: ಟಿ.ಬಿ.ಯ ಹುಣ್ಣು ಸಾಮಾನ್ಯವಾಗಿ ಕರುಳಿಗೆ ಅಡ್ಡವಾಗಿ, ಕ್ರೋನ್ಸ್‌ನದ್ದು ಉದ್ದಕ್ಕೆ. ಎದೆಯ ಎಕ್ಸ್‌ರೇ, ಹೊಟ್ಟೆಯ ಸಿ.ಟಿ.ಯನ್ನೂ ಜೊತೆಗಿಟ್ಟು ನೋಡಬೇಕು. ಚರ್ಮಕ್ಕೆ ಚುಚ್ಚಿ ಮಾಡುವ ಮಾಂಟೂ ಪರೀಕ್ಷೆ ನಮ್ಮ ದೇಶದಲ್ಲಿ ಹೆಚ್ಚೇನೂ ಹೇಳದು, ಆರೋಗ್ಯವಂತರಲ್ಲೂ ಅನೇಕರಿಗೆ ಅದು ಪಾಸಿಟಿವ್.

"ಎಎಫ್‌ಬಿ ನೆಗೆಟಿವ್" (ವಿಶೇಷ ಬಣ್ಣ ಹಾಕಿದರೂ ಟಿ.ಬಿ. ಬ್ಯಾಕ್ಟೀರಿಯಾ ಕಾಣಲಿಲ್ಲ) ಎಂಬ ಸಾಲು ನೋಡಿ ಟಿ.ಬಿ. ಇಲ್ಲ ಎಂದು ಸಿಹಿ ಹಂಚಬೇಡಿ. ಕರುಳಿನ ತುಂಡಿನಲ್ಲಿ ಬ್ಯಾಕ್ಟೀರಿಯಾ ತೀರ ವಿರಳ, ಟಿ.ಬಿ. ಇದ್ದೂ ಕಾಣದೇ ಹೋಗುವುದೇ ಹೆಚ್ಚು. ಕುಷ್ಠದ ಒಂದು ಬಗೆಯಲ್ಲೂ ಹೀಗೆಯೇ. ಅಲ್ಲಿ ಗ್ರಾನ್ಯುಲೋಮಾ ನರದ ಉದ್ದಕ್ಕೂ ಸಾಗಿ ನರವನ್ನು ತಿಂದಿದೆಯೇ ಎಂಬುದೇ ಸಾಕ್ಷಿ. ಸಾರ್ಕಾಯ್ಡೋಸಿಸ್ ನರವನ್ನು ಸಾಮಾನ್ಯವಾಗಿ ಹಾಗೆ ಹಾಳುಮಾಡದು, ಅದರ ಗ್ರಾನ್ಯುಲೋಮಾದ ಸುತ್ತ ಬೇರೆ ಕೋಶಗಳ ಗುಂಪು ಕಡಿಮೆ.

ಭೇದಿ ರೋಗಿಯ ರಿಪೋರ್ಟಿನಲ್ಲಿ ಕರುಳಿನ ಗ್ರಂಥಿಗಳ ಆಕಾರ ಕೆಟ್ಟಿದೆ ಎಂದಿದ್ದರೆ ಕಾಯಿಲೆ ಹಳೆಯದು, ಅಲ್ಸರೇಟಿವ್ ಕೊಲೈಟಿಸ್ ಕಡೆಗೆ ಸೂಚನೆ. ಆಕಾರ ಸರಿಯಿದ್ದು ಉರಿಯೂತ ಮಾತ್ರ ಇದ್ದರೆ ಹೊಸ ಸೋಂಕಿನ ಸಾಧ್ಯತೆ ಹೆಚ್ಚು. ಕೆಂಪು ರಕ್ತಕಣ ನುಂಗಿದ ಅಮೀಬಾ ಕಂಡರೆ ಮಾತು ಮುಗಿಯಿತು. ಬೊಕ್ಕೆ ಕಾಯಿಲೆಯಲ್ಲಿ ಮೇಲ್ಚರ್ಮದ ಒಳಗೇ ಸೀಳು, ಇಮ್ಯುನೋಫ್ಲೋರೆಸೆನ್ಸಿನಲ್ಲಿ ಮೀನಿನ ಬಲೆಯ ಚಿತ್ತಾರ ಇದ್ದರೆ ಪೆಂಫಿಗಸ್. ಮೇಲ್ಚರ್ಮದ ಕೆಳಗೆ ಸೀಳು, ಒಂದೇ ನೇರ ಗೆರೆ ಹೊಳೆದರೆ ಪೆಂಫಿಗಾಯ್ಡ್.

"ನಾನ್-ಸ್ಪೆಸಿಫಿಕ್ ಇನ್‌ಫ್ಲಮೇಶನ್" ಎಂದು ಬಂದರೆ ಈ ತುಂಡಿನಲ್ಲಿ ಉರಿಯೂತ ಇದೆ, ಕಾರಣ ಕಾಣಲಿಲ್ಲ ಎಂದಷ್ಟೇ ಅರ್ಥ. ದುಡ್ಡು ದಂಡ ಎಂದು ಲ್ಯಾಬಿನವರ ಮೇಲೆ ಹರಿಹಾಯುವ ಮೊದಲು ತುಂಡು ಎಷ್ಟು, ಎಲ್ಲಿಯದು, ಫಾರ್ಮಿನಲ್ಲಿ ಏನು ಬರೆದಿತ್ತು ನೋಡಿ. ಬ್ಲಾಕಿನಿಂದ ಇನ್ನಷ್ಟು ಆಳದ ಸೆಕ್ಷನ್ ಕೊಯ್ದು ನೋಡಬಹುದೇ ಎಂದು ಕೇಳಿಸಿ. ಎಷ್ಟೋ ಗ್ರಾನ್ಯುಲೋಮಾಗಳು ಹಾಗೆಯೇ ಸಿಕ್ಕಿವೆ.

ಎಂಟನೆಯದು: ಆದರೂ ಬಗೆಹರಿಯದಿದ್ದರೆ

ಟಿ.ಬಿ. ಮತ್ತು ಕ್ರೋನ್ಸ್ ನಡುವೆ ಎಲ್ಲ ಪರೀಕ್ಷೆ ಮಾಡಿಯೂ ಸಂಶಯ ಉಳಿಯುವುದುಂಟು. ಆಗ ಡಾಕ್ಟರು ಟಿ.ಬಿ. ಮಾತ್ರೆ ಶುರುಮಾಡಿ ಎರಡು ಮೂರು ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡುತ್ತಾರೆ. ಹುಣ್ಣು ಮಾಗಿದ್ದರೆ ಟಿ.ಬಿ. ಎಂದು ಕೋರ್ಸ್ ಮುಗಿಸುತ್ತಾರೆ, ಹಾಗೆಯೇ ಇದ್ದರೆ ಕ್ರೋನ್ಸ್ ಕಡೆಗೆ ತಿರುಗುತ್ತಾರೆ. "ಹೊಟ್ಟೆನೋವು ಕಡಿಮೆಯಾಗಿದೆ, ಮತ್ತೆ ಯಾಕೆ ಪೈಪು ಹಾಕಿಸ್ಕೊಳ್ಳೋದು" ಎಂದು ಈ ಎರಡನೆಯ ಕೊಲೊನೋಸ್ಕೋಪಿ ತಪ್ಪಿಸಿಕೊಳ್ಳುವವರು ಬಹಳ. ಟಿ.ಬಿ. ಮಾತ್ರೆಯಿಂದ ಕ್ರೋನ್ಸ್ ರೋಗಿಗೂ ಕೆಲಕಾಲ ಹಿತವೆನಿಸಬಹುದು. ಹುಣ್ಣನ್ನು ಕಣ್ಣಾರೆ ನೋಡದೆ ತೀರ್ಮಾನವಾಗದು. ಟಿ.ಬಿ. ಎಂದು ಖಚಿತವಾದರೆ ಮಾತ್ರೆ ಸರ್ಕಾರದಿಂದ ಉಚಿತ, ಸರ್ಕಾರದ ಟಿ.ಬಿ. ನೋಂದಣಿ ಜಾಲತಾಣ ನಿಕ್ಷಯ್‌ನಲ್ಲಿ ಹೆಸರು ನೋಂದಾಯಿಸಿದರೆ ಪೋಷಣೆಗೆ ತಿಂಗಳಿಗೆ 1000 ರೂಪಾಯಿಯೂ ಸಿಗುತ್ತದೆ. ಕುಷ್ಠದ ಮದ್ದೂ ಉಚಿತವೇ.

ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ ಹೊಸ ಬಯಾಪ್ಸಿಗೆ ಮೊದಲು ಹಳೆಯದನ್ನೇ ಕೇಳಿ. ಲ್ಯಾಬಿಗೆ ಅರ್ಜಿ ಕೊಟ್ಟರೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಎರವಲು ಕೊಡುತ್ತಾರೆ, ರಿಪೋರ್ಟಿನ ಮೇಲಿರುವ ಬಯಾಪ್ಸಿ ನಂಬರ್ ಹೇಳಿದರೆ ಸಾಕು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯುವಾಗ ಸ್ಲೈಡನ್ನು ಸ್ಲೈಡ್ ಡಬ್ಬಿಯಲ್ಲಿ, ಬ್ಲಾಕನ್ನು ಬೇರೆ ಲಕೋಟೆಯಲ್ಲಿ ಇಡಿ. ಸ್ಲೈಡ್ ಒಡೆದರೆ ಬ್ಲಾಕಿನಿಂದ ಮತ್ತೊಂದು ಮಾಡಬಹುದು. ಬ್ಲಾಕ್ ಹಾಳಾದರೆ ಆ ತುಂಡೇ ಹೋದಂತೆ, ಅದರಿಂದ ಬೇಸಿಗೆಯಲ್ಲಿ ಅದನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.